ಎತ್ತಿಕೊಳ್ಳುವುದು ಕ್ಯಾಪ್ಟನ್ ಕೆಲಸ, ಇಳಿಸಿಕೊಳ್ಳುವುದು ಯಾರ ಕೆಲಸ?

2020ರ ಆಗಸ್ಟ್ 4ರಂದು ಮೆಡಿಟರೇನಿಯನ್ ಸಮುದ್ರದಲ್ಲಿ ಹೋಗುತ್ತಿದ್ದ ‘ಮರ್ಸ್ಕ್ ಎಟಿಯೆನ್’ ಎಂಬ ಡೆನ್ಮಾರ್ಕಿನ ಟ್ಯಾಂಕರಿಗೆ ಮಾಲ್ಟಾದ ಅಧಿಕಾರಿಗಳಿಂದ ಸಂದೇಶ ಬಂತು. ಹತ್ತಿರದಲ್ಲೇ ಒಂದು ದೋಣಿ ಕಷ್ಟದಲ್ಲಿದೆ, ಹೋಗಿ ನೆರವಾಗಿ ಎಂದು. ಕ್ಯಾಪ್ಟನ್ ಹಡಗು ತಿರುಗಿಸಿದರು. ದೋಣಿಯಲ್ಲಿದ್ದ 27 ವಲಸಿಗರನ್ನು ಹತ್ತಿಸಿಕೊಂಡರು.

ಕಾನೂನು ಹೇಳಿದ್ದನ್ನೆಲ್ಲ ಅವರು ಮಾಡಿ ಮುಗಿಸಿದ್ದರು. ತಾಪತ್ರಯ ಶುರುವಾದದ್ದೇ ಆಮೇಲೆ. ಈ ಜನರನ್ನು ಎಲ್ಲಿ ಇಳಿಸುವುದು? ನೆರವಾಗಿ ಎಂದು ಹೇಳಿದ ಮಾಲ್ಟಾ ತನ್ನ ಬಂದರಿನೊಳಗೆ ಬಿಡಲಿಲ್ಲ. ಟುನೀಶಿಯಾವೂ ಒಪ್ಪಲಿಲ್ಲ. ದಿನಗಳು ವಾರಗಳಾದವು. ಸೆಪ್ಟೆಂಬರ್ ಮೊದಲ ವಾರದಲ್ಲಿ ಮೂವರು ಬೇಸತ್ತು ಸಮುದ್ರಕ್ಕೆ ಹಾರಿದರು. ಸಿಬ್ಬಂದಿ ಅವರನ್ನು ಮತ್ತೊಮ್ಮೆ ಮೇಲಕ್ಕೆ ತಂದರು. ಒಟ್ಟು 38 ದಿನ ಹೀಗೇ ಕಳೆದ ಮೇಲೆ ಇಟಲಿಯ ಒಂದು ಸ್ವಯಂಸೇವಾ ಸಂಸ್ಥೆಯ ಹಡಗು ಬಂದು ಅವರನ್ನು ಸಿಸಿಲಿಗೆ ಕರೆದೊಯ್ದಿತು. ಆ ಸಂಸ್ಥೆಯವರ ಮೇಲೆ ಇಟಲಿಯಲ್ಲಿ ಕೇಸು ಬಿತ್ತು, ಅದು ಬೇರೆಯೇ ಕಥೆ.

ಸಮುದ್ರದಲ್ಲಿ ವಲಸಿಗರ ರಕ್ಷಣೆ ಎಂದಾಗ ಚರ್ಚೆ ಸಾಮಾನ್ಯವಾಗಿ ‘ಕಾಪಾಡಬೇಕೋ ಬೇಡವೋ’ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಆ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಸಿಕ್ಕಿ ನೂರು ವರ್ಷ ದಾಟಿದೆ. ಕಾಪಾಡಲೇಬೇಕು. ಉತ್ತರವಿಲ್ಲದಿರುವುದು ಅದರ ಮುಂದಿನ ಪ್ರಶ್ನೆಗೆ. ಕಾಪಾಡಿದವರನ್ನು ಯಾವ ದೇಶ ಇಳಿಸಿಕೊಳ್ಳಬೇಕು? ಇಲ್ಲಿ ಕಾನೂನು ಮಂಜಾಗುತ್ತದೆ. ಸರ್ಕಾರಗಳಿಗೆ ಈ ಮಂಜು ತುಂಬ ಅನುಕೂಲವಾಗಿದೆ. ಅದು ತಾನಾಗಿಯೇ ಉಳಿದುಕೊಂಡಿದೆ ಎಂದು ನನಗೆ ಅನಿಸುವುದಿಲ್ಲ.

ಕ್ಯಾಪ್ಟನ್ ಮೇಲಿರುವ ಹೊರೆ

ಮುಳುಗುತ್ತಿರುವವರನ್ನು ಎತ್ತಬೇಕು ಎಂಬುದು ನಾವಿಕರಲ್ಲಿ ಮೊದಲಿನಿಂದಲೂ ಇದ್ದ ರೂಢಿ. ಅದು ಅಂತರರಾಷ್ಟ್ರೀಯ ಒಪ್ಪಂದವಾಗಿ ಬರಹಕ್ಕಿಳಿದದ್ದು 1910ರಲ್ಲಿ, ಬ್ರಸೆಲ್ಸ್‌ನಲ್ಲಿ. ಎರಡೇ ವರ್ಷದಲ್ಲಿ ಟೈಟಾನಿಕ್ ಮುಳುಗಿತು. ಹತ್ತಿರದಲ್ಲೇ ಇದ್ದ ‘ಕ್ಯಾಲಿಫೋರ್ನಿಯನ್’ ಹಡಗಿನ ರೇಡಿಯೋ ಆಪರೇಟರ್ ಮಲಗಿದ್ದರು, ಕರೆ ಕೇಳಿಸಲೇ ಇಲ್ಲ. ದೂರದಿಂದ ಧಾವಿಸಿ ಬಂದ ‘ಕಾರ್ಪೇಥಿಯಾ’ 700ಕ್ಕೂ ಹೆಚ್ಚು ಜನರನ್ನು ಎತ್ತಿಕೊಂಡಿತು. ಆ ದುರಂತದ ಬಿಸಿಯಲ್ಲೇ 1914ರಲ್ಲಿ ‘ಸೋಲಾಸ್’ ಎಂಬ ಒಪ್ಪಂದದ ಮೊದಲ ರೂಪ ಹುಟ್ಟಿತು. ಸಮುದ್ರದಲ್ಲಿ ಜೀವ ಸುರಕ್ಷತೆಗೆಂದೇ ಮಾಡಿದ ಒಪ್ಪಂದ ಅದು. ಈಗ ಜಾರಿಯಲ್ಲಿರುವುದು ಅದರ 1974ರ ರೂಪ, ಆಗಾಗ ಆದ ತಿದ್ದುಪಡಿಗಳೊಂದಿಗೆ.

ಸೋಲಾಸ್‌ನ ಐದನೇ ಅಧ್ಯಾಯದ 33ನೇ ನಿಯಮ ಹೇಳುವುದು ಸರಳ. ಎಲ್ಲಿಂದಲಾದರೂ ಸರಿ, ಸಮುದ್ರದಲ್ಲಿ ಜನ ಅಪಾಯದಲ್ಲಿದ್ದಾರೆಂದು ತಿಳಿದರೆ, ನೆರವಾಗುವ ಸ್ಥಿತಿಯಲ್ಲಿರುವ ಕ್ಯಾಪ್ಟನ್ ಪೂರ್ತಿ ವೇಗದಲ್ಲಿ ಅಲ್ಲಿಗೆ ಹೋಗಬೇಕು. ಅವರು ಯಾವ ದೇಶದವರು, ಕಾಗದಪತ್ರ ಇದೆಯೋ ಇಲ್ಲವೋ, ಯಾಕೆ ದೋಣಿ ಹತ್ತಿದರು ಎಂಬುದು ಲೆಕ್ಕಕ್ಕಿಲ್ಲ. ಹೋಗಲು ಆಗದಿದ್ದರೆ ಅಥವಾ ಹೋಗುವುದು ಬೇಡವೆಂದು ತೀರ್ಮಾನಿಸಿದರೆ, ಯಾಕೆಂದು ಲಾಗ್ ಬುಕ್ಕಿನಲ್ಲಿ ಬರೆಯಬೇಕು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 98ನೇ ವಿಧಿಯೂ ಇದನ್ನೇ ಹೇಳುತ್ತದೆ. ತನ್ನ ಹಡಗಿಗೆ, ಸಿಬ್ಬಂದಿಗೆ, ಪ್ರಯಾಣಿಕರಿಗೆ ಗಂಭೀರ ಅಪಾಯ ಇಲ್ಲದಿದ್ದರೆ ಎಂಬ ಷರತ್ತು ಅದರಲ್ಲಿದೆ. ತಡವಾಗುತ್ತದೆ, ಡೀಸೆಲ್ ಖರ್ಚಾಗುತ್ತದೆ, ಸರಕಿನ ಮಾಲೀಕ ಸಿಟ್ಟಾಗುತ್ತಾನೆ ಎಂಬುದು ಆ ಷರತ್ತಿನಡಿ ಬರುವುದಿಲ್ಲ. ಸೋಲಾಸ್ ಇನ್ನೂ ಒಂದು ಮಾತು ಸೇರಿಸಿದೆ. ಜೀವ ಉಳಿಸಲು ಬೇಕೆಂದು ಕ್ಯಾಪ್ಟನ್ ತೆಗೆದುಕೊಂಡ ತೀರ್ಮಾನಕ್ಕೆ ಹಡಗಿನ ಮಾಲೀಕರಾಗಲಿ, ಬಾಡಿಗೆಗೆ ಪಡೆದವರಾಗಲಿ ಅಡ್ಡ ಬರಬಾರದು.

ಇಷ್ಟೆಲ್ಲ ಇದ್ದರೂ ಒಂದು ವಿಚಿತ್ರ ಲೆಕ್ಕಾಚಾರ ಉಳಿದಿದೆ. ಮುಳುಗುವ ಹಡಗಿನಿಂದ ಸರಕು ಉಳಿಸಿದರೆ ಅದರ ಬೆಲೆಯಲ್ಲಿ ಪಾಲು ಕೇಳಬಹುದು, ಕಾನೂನಿನಲ್ಲೇ ಅದಕ್ಕೆ ದಾರಿ ಇದೆ. ಜನರನ್ನು ಉಳಿಸಿದರೆ ಅವರಿಂದ ಬಿಡಿಗಾಸೂ ಕೇಳುವಂತಿಲ್ಲ. ಕೇಳಬಾರದು ಎಂಬುದು ಸರಿಯೇ. ಆದರೆ ಖರ್ಚು ಅಂತ ಒಂದು ಇದ್ದೇ ಇರುತ್ತದೆ ಅಲ್ವಾ? ದಾರಿ ಬದಲಿಸಿದ್ದರ ಖರ್ಚಿನಲ್ಲಿ ಒಂದಿಷ್ಟನ್ನು ಮಾಲೀಕರ ವಿಮೆ ಭರಿಸುತ್ತದೆ. ಬಂದರಿಗಾಗಿ ವಾರಗಟ್ಟಲೆ ಕಾಯುತ್ತ ನಿಂತರೆ ಕೈತಪ್ಪುವ ವ್ಯಾಪಾರಕ್ಕೆ ಹಾಗೆ ಸುಲಭದ ಪರಿಹಾರ ಇಲ್ಲ.

ಇನ್ನೊಂದು ಸಡಿಲ ಕೊಂಡಿ ಹಡಗಿನ ಬಾವುಟದಲ್ಲಿದೆ. ಈ ಒಪ್ಪಂದಗಳು ನೇರವಾಗಿ ಕಟ್ಟಿಹಾಕುವುದು ದೇಶಗಳನ್ನು. ಆ ದೇಶಗಳು ತಮ್ಮ ಬಾವುಟ ಹೊತ್ತ ಹಡಗುಗಳ ಕ್ಯಾಪ್ಟನ್‌ಗಳಿಗೆ ತಮ್ಮ ಕಾನೂನಿನ ಮೂಲಕ ಹೊಣೆ ಹೊರಿಸಬೇಕು. ಅಮೆರಿಕದಲ್ಲಿ ನೆರವಾಗದ ಕ್ಯಾಪ್ಟನ್‌ಗೆ ಎರಡು ವರ್ಷದವರೆಗೆ ಜೈಲು, ಸಾವಿರ ಡಾಲರ್‌ವರೆಗೆ ದಂಡ ಹಾಕಬಹುದು. ಆದರೆ ಜಗತ್ತಿನ ವ್ಯಾಪಾರಿ ಹಡಗುಗಳಲ್ಲಿ ದೊಡ್ಡ ಪಾಲು ಹೊತ್ತಿರುವುದು ಲೈಬೀರಿಯಾ, ಪನಾಮಾ, ಮಾರ್ಷಲ್ ದ್ವೀಪಗಳ ಬಾವುಟ. ಮಾಲೀಕ ಇರುವುದು ಒಂದು ದೇಶದಲ್ಲಿ, ಸಿಬ್ಬಂದಿ ಇನ್ನೊಂದು ದೇಶದವರು, ಘಟನೆ ನಡೆದದ್ದು ಯಾವ ದೇಶಕ್ಕೂ ಸೇರದ ನೀರಿನಲ್ಲಿ. ಸಾಕ್ಷಿ ಹೇಳಬೇಕಾದವರು ಮುಳುಗಿ ಹೋಗಿರುತ್ತಾರೆ. ನೋಡಿಯೂ ನೋಡದಂತೆ ಹೋದವರ ಮೇಲೆ ಮೊಕದ್ದಮೆ ನಡೆಯುವುದು ಅಪರೂಪ ಎಂದರೆ ಆಶ್ಚರ್ಯವಿಲ್ಲ.

ನೀರು, ಬಿಸ್ಕತ್ತು ಕೊಟ್ಟರೆ ರಕ್ಷಣೆಯೇ?

ಅಂಥ ಅಪರೂಪದ ಒಂದು ವಿಚಾರಣೆ 1989ರಲ್ಲಿ ನಡೆಯಿತು. ಅದು ವ್ಯಾಪಾರಿ ಹಡಗಿನದ್ದಲ್ಲ, ಅಮೆರಿಕದ ನೌಕಾಪಡೆಯ ‘ಡುಬುಕ್’ ಹಡಗಿನದ್ದು. ಹಿಂದಿನ ವರ್ಷ ಜೂನ್‌ನಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಅದಕ್ಕೆ ವಿಯೆಟ್ನಾಂ ಬಿಟ್ಟು ಹೊರಟವರ ಒಂದು ದೋಣಿ ಸಿಕ್ಕಿತ್ತು. ಎಂಜಿನ್ ಕೆಟ್ಟು ತೇಲುತ್ತಿದ್ದ ದೋಣಿ. ಕ್ಯಾಪ್ಟನ್ ಆಹಾರ ಕೊಟ್ಟರು, ನೀರು ಕೊಟ್ಟರು, ಒಂದು ನಕ್ಷೆಯನ್ನೂ ಕೊಟ್ಟರು. ದೋಣಿ ಮುಂದೆ ಹೋಗಬಲ್ಲದು ಎಂದು ತೀರ್ಮಾನಿಸಿ ಹೊರಟುಹೋದರು. 110 ಜನ ಹೊರಟಿದ್ದ ಆ ದೋಣಿಯಲ್ಲಿ ಫಿಲಿಪೈನ್ಸ್‌ನ ಮೀನುಗಾರರಿಗೆ ಸಿಗುವ ಹೊತ್ತಿಗೆ ಬದುಕಿದ್ದವರು 52. ಸೇನಾ ನ್ಯಾಯಾಲಯ ಕ್ಯಾಪ್ಟನ್ ಕರ್ತವ್ಯಲೋಪ ಮಾಡಿದ್ದಾರೆ ಎಂದಿತು. ಶಿಕ್ಷೆ ಒಂದು ಛೀಮಾರಿ ಪತ್ರ.

2011ರ ವಸಂತದಲ್ಲಿ, ಲಿಬಿಯಾ ಮೇಲೆ ನೇಟೋ ಕಾರ್ಯಾಚರಣೆ ನಡೆಯುತ್ತಿದ್ದಾಗ, ಟ್ರಿಪೋಲಿಯಿಂದ 72 ಜನರ ಒಂದು ರಬ್ಬರ್ ದೋಣಿ ಹೊರಟಿತು. ಇಂಧನ ಮುಗಿಯಿತು. ಸಹಾಯಕ್ಕೆ ಫೋನ್ ಮಾಡಿದರು, ಕರೆ ರೋಮ್ ತಲುಪಿತು, ಅಲ್ಲಿಂದ ಸುತ್ತಲಿನ ಹಡಗುಗಳಿಗೆಲ್ಲ ಸೂಚನೆ ಹೋಯಿತು. ಒಂದು ಸೇನಾ ಹೆಲಿಕಾಪ್ಟರ್ ಬಂದು ನೀರು, ಬಿಸ್ಕತ್ತು ಇಳಿಸಿ ಹೋಯಿತು. ಆಮೇಲೆ ಯಾರೂ ನೆರವಿಗೆ ಬರಲಿಲ್ಲ. ಎರಡು ವಾರ ತೇಲಿ ದೋಣಿ ಮತ್ತೆ ಲಿಬಿಯಾ ದಡಕ್ಕೇ ಬಂದು ಬಿತ್ತು. ಉಳಿದವರು ಒಂಬತ್ತು ಜನ. ಯುರೋಪ್ ಕೌನ್ಸಿಲ್‌ನ ಸಂಸದೀಯ ಸಭೆ ಇದರ ತನಿಖೆ ನಡೆಸಿ, ಎಷ್ಟೊಂದು ಕಣ್ಣುಗಳು ನೋಡುತ್ತಿದ್ದ ಸಮುದ್ರದಲ್ಲಿ ಇದು ಹೇಗಾಯಿತು ಎಂದು 2012ರಲ್ಲಿ ವರದಿ ಕೊಟ್ಟಿತು.

2023ರ ಜೂನ್‌ನಲ್ಲಿ ಗ್ರೀಸಿನ ಪೈಲೋಸ್ ಬಳಿ ಮುಳುಗಿದ ‘ಆಡ್ರಿಯಾನಾ’ದ ಕಥೆಯೂ ಇದಕ್ಕಿಂತ ದೂರವಿಲ್ಲ. ಲಿಬಿಯಾದ ಟೊಬ್ರುಕ್‌ನಿಂದ ಇಟಲಿಗೆ ಹೊರಟ ಹಳೆಯ ಮೀನುಗಾರಿಕೆ ದೋಣಿ. ಅದರಲ್ಲಿ ತುಂಬಿದ್ದವರು ಸುಮಾರು 750 ಜನ. ಜೂನ್ 13ರ ಹಗಲಲ್ಲೇ ಯುರೋಪಿನ ಗಡಿ ಸಂಸ್ಥೆ ಫ್ರಾಂಟೆಕ್ಸ್‌ನ ವಿಮಾನ ಅದನ್ನು ನೋಡಿತ್ತು. ಎರಡು ವ್ಯಾಪಾರಿ ಹಡಗುಗಳು ನೀರು, ಆಹಾರ ಕೊಟ್ಟವು. ಮಧ್ಯರಾತ್ರಿ ಕಳೆದ ಮೇಲೆ ದೋಣಿ ಮಗುಚಿತು. ಬದುಕಿದವರು 104, ಸಿಕ್ಕ ಹೆಣ 82. ಉಳಿದವರೆಲ್ಲ ಮೆಡಿಟರೇನಿಯನ್‌ನ ಅತ್ಯಂತ ಆಳದ ಜಾಗಗಳಲ್ಲೊಂದರಲ್ಲಿ ಕಾಣೆಯಾದರು. ಗ್ರೀಸಿನ ಕರಾವಳಿ ಕಾವಲು ಪಡೆ ಹೇಳಿದ್ದೇನೆಂದರೆ, ದೋಣಿಯವರೇ ಸಹಾಯ ಬೇಡ, ಇಟಲಿಗೆ ಹೋಗುತ್ತೇವೆ ಎಂದರು. ಕಾವಲು ಪಡೆಯವರು ಹಗ್ಗ ಕಟ್ಟಿ ಎಳೆದದ್ದರಿಂದಲೇ ದೋಣಿ ಮಗುಚಿತು ಎಂದು ಬದುಕಿದವರಲ್ಲಿ ಹಲವರು ಹೇಳಿದರು. ಪಡೆ ಅದನ್ನು ಅಲ್ಲಗಳೆಯಿತು.

ಮೂರು ಪ್ರಕರಣಗಳ ನಡುವೆ 35 ವರ್ಷಗಳ ಅಂತರವಿದೆ. ನಡೆದದ್ದು ಮಾತ್ರ ಒಂದೇ ರೀತಿ. ನೀರು ಕೊಟ್ಟು, ತಿನ್ನಲು ಕೊಟ್ಟು, ‘ನೆರವಾದೆವು’ ಎಂದು ಬರೆದುಕೊಳ್ಳುವುದು. ಜನರನ್ನು ಮೇಲೆ ಹತ್ತಿಸಿಕೊಂಡರೆ ಇಳಿಸುವ ಪ್ರಶ್ನೆ ಬರುತ್ತದೆ. ಬಾಟಲಿ ಎಸೆದರೆ ಬರುವುದಿಲ್ಲ.

ಹಾಗಾದರೆ ದೋಣಿ ಅಪಾಯದಲ್ಲಿದೆ ಎಂದು ತೀರ್ಮಾನಿಸುವವರು ಯಾರು? ತೂತು ಬಿದ್ದು ನೀರು ನುಗ್ಗುವವರೆಗೆ ಕಾಯಬೇಕೇ? ಇದಕ್ಕೆ ಯುರೋಪಿನಲ್ಲೇ ಸ್ಪಷ್ಟ ಉತ್ತರ ಇದೆ. ಫ್ರಾಂಟೆಕ್ಸ್ ಸಂಯೋಜಿಸುವ ಸಮುದ್ರ ಕಾರ್ಯಾಚರಣೆಗಳಿಗೆಂದು 2014ರಲ್ಲಿ ಮಾಡಿದ 656ನೇ ನಿಯಮಾವಳಿ ಅದು. ಸಹಾಯ ಕೇಳಿದರೋ ಇಲ್ಲವೋ ಎಂಬುದೊಂದರ ಮೇಲೆ ತೀರ್ಮಾನಿಸಬೇಡಿ ಎನ್ನುತ್ತದೆ. ದೋಣಿ ಎಷ್ಟು ಗಟ್ಟಿ, ಎಷ್ಟು ಜನ ತುಂಬಿದ್ದಾರೆ, ದಡ ಮುಟ್ಟುವಷ್ಟು ಇಂಧನ, ನೀರು, ಆಹಾರ ಇದೆಯೇ, ನಡೆಸಲು ಬಲ್ಲವರಿದ್ದಾರೆಯೇ, ಮಕ್ಕಳು, ಗರ್ಭಿಣಿಯರು ಇದ್ದಾರೆಯೇ, ಹವಾಮಾನ ಹೇಗಿದೆ ಎಂದೆಲ್ಲ ನೋಡಿ ಎನ್ನುತ್ತದೆ. ಈ ಪಟ್ಟಿ ಹಿಡಿದು ಆಡ್ರಿಯಾನಾದ ಫೋಟೋ ನೋಡಿದರೆ ತೀರ್ಮಾನಕ್ಕೆ ಒಂದು ನಿಮಿಷ ಸಾಕು. ಆ ಫೋಟೋದಲ್ಲಿ ಡೆಕ್ಕಿನ ಮೇಲೆ ಕಾಲಿಡಲು ಜಾಗವಿಲ್ಲ.

ದೋಣಿ ಮುಳುಗಿದ ಮೇಲೆ ಮೊದಲು ಕಟಕಟೆ ಹತ್ತಿದವರು ಬದುಕಿ ಬಂದವರಲ್ಲೇ ಒಂಬತ್ತು ಜನ ಈಜಿಪ್ಟಿನವರು. ಘಟನೆ ಅಂತರರಾಷ್ಟ್ರೀಯ ನೀರಿನಲ್ಲಿ ನಡೆದಿದ್ದರಿಂದ ತನಗೆ ಅಧಿಕಾರವಿಲ್ಲ ಎಂದು ಕಲಾಮಾಟಾದ ನ್ಯಾಯಾಲಯ 2024ರ ಮೇನಲ್ಲಿ ಕೇಸು ಕೈಬಿಟ್ಟಿತು. 2025ರ ಮೇನಲ್ಲಿ ಕರಾವಳಿ ಕಾವಲು ಪಡೆಯ 17 ಮಂದಿಯ ಮೇಲೆ ಆರೋಪ ಹೊರಿಸಲಾಯಿತು.

ಇಲ್ಲಿ ವ್ಯಾಪಾರಿ ಹಡಗುಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಅವು ರಕ್ಷಣೆಗಾಗಿ ಕಟ್ಟಿದ ಹಡಗುಗಳಲ್ಲ. ಕಂಟೇನರ್ ಹಡಗಿನ ಪಕ್ಕದ ಗೋಡೆ ನೀರಿನಿಂದ ಹಲವು ಮಹಡಿ ಎತ್ತರಕ್ಕೆ ಇರುತ್ತದೆ. ಹತ್ತಿಸಿಕೊಳ್ಳಲು ಇರುವುದು ಒಂದು ಹಗ್ಗದ ಏಣಿ ಅಥವಾ ಬಲೆ. ಸಿಬ್ಬಂದಿ ಇಪ್ಪತ್ತು, ಇಪ್ಪತ್ತೈದು ಜನ. ದೊಡ್ಡ ಹಡಗು ಹತ್ತಿರ ಬಂತೆಂದರೆ ದೋಣಿಯವರೆಲ್ಲ ಒಂದೇ ಬದಿಗೆ ನುಗ್ಗುತ್ತಾರೆ, ದೋಣಿ ವಾಲುತ್ತದೆ. 2015ರ ಏಪ್ರಿಲ್ 18ರ ರಾತ್ರಿ ನೆರವಿಗೆಂದು ಬಂದ ಪೋರ್ಚುಗಲ್ ಬಾವುಟದ ‘ಕಿಂಗ್ ಜೇಕಬ್’ಗೆ ವಲಸಿಗರ ದೋಣಿಯೇ ಡಿಕ್ಕಿ ಹೊಡೆದು ಮಗುಚಿತು. 28 ಜನ ಮಾತ್ರ ಬದುಕಿದರು, 700ಕ್ಕೂ ಹೆಚ್ಚು ಜನ ಸತ್ತರು. ಆ ಹಡಗಿನವರು ಕರ್ತವ್ಯ ತಪ್ಪಿಸಿಕೊಂಡವರಲ್ಲ, ಕರೆದಾಗ ಬಂದವರು. ತರಬೇತಿ ಪಡೆದ ಸರ್ಕಾರಿ ರಕ್ಷಣಾ ಹಡಗು ಇರಬೇಕಾದ ಜಾಗಕ್ಕೆ ಸರಕಿನ ಹಡಗನ್ನು ಕಳುಹಿಸಿದರೆ ಹೀಗೂ ಆಗುತ್ತದೆ.

ಗೆರೆ ಎಳೆದದ್ದು ಯಾಕೆ, ಬಳಸುತ್ತಿರುವುದು ಹೇಗೆ

1979ರಲ್ಲಿ ಹ್ಯಾಂಬರ್ಗ್‌ನಲ್ಲಿ ಶೋಧ ಮತ್ತು ರಕ್ಷಣೆಗೆಂದೇ ಇನ್ನೊಂದು ಒಪ್ಪಂದ ಆಯಿತು. ಅದರಂತೆ ಜಗತ್ತಿನ ಸಮುದ್ರಗಳನ್ನು 13 ದೊಡ್ಡ ಭಾಗ ಮಾಡಿ, ಅವುಗಳೊಳಗೆ ಕರಾವಳಿ ದೇಶಗಳಿಗೆ ತಮ್ಮ ತಮ್ಮ ರಕ್ಷಣಾ ವಲಯ ಹಂಚಲಾಯಿತು. ಪ್ರತಿ ವಲಯಕ್ಕೂ ಹಗಲು ರಾತ್ರಿ ಕೆಲಸ ಮಾಡುವ ಒಂದು ಸಮನ್ವಯ ಕೇಂದ್ರ. ಕರೆ ಬಂದರೆ ಹತ್ತಿರದ ಹಡಗು ಯಾವುದು, ಹೆಲಿಕಾಪ್ಟರ್ ಇದೆಯೇ ಎಂದು ನೋಡಿ ಕಳುಹಿಸುವುದು ಅದರ ಕೆಲಸ. ಯಾರೂ ಹೊಣೆ ಹೊರದ ನೀರು ಇರಬಾರದು ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ.

ಆದರೆ ಹೊಣೆ ಹಂಚಲು ಎಳೆದ ಗೆರೆ, ಹೊಣೆ ದಾಟಿಸಲೂ ಉಪಯೋಗಕ್ಕೆ ಬಂತು. 2013ರ ಅಕ್ಟೋಬರ್ 11ರಂದು ಸಿರಿಯಾದ ಕುಟುಂಬಗಳೇ ಹೆಚ್ಚಾಗಿದ್ದ ಒಂದು ದೋಣಿ ಇಟಲಿಯ ಲ್ಯಾಂಪೆಡೂಸಾ ದ್ವೀಪದ ದಕ್ಷಿಣಕ್ಕೆ ಮುಳುಗತೊಡಗಿತು. ದೋಣಿಯಲ್ಲಿದ್ದವರು ಸ್ಯಾಟಲೈಟ್ ಫೋನಿನಿಂದ ರೋಮ್‌ಗೆ ಮತ್ತೆ ಮತ್ತೆ ಕರೆ ಮಾಡಿದರು. ಅದು ಮಾಲ್ಟಾದ ವಲಯ, ಮಾಲ್ಟಾಕ್ಕೆ ಹೇಳಿ ಎಂಬ ಉತ್ತರ ಬಂತು. ಮಾಲ್ಟಾಕ್ಕಿಂತ ಲ್ಯಾಂಪೆಡೂಸಾವೇ ಆ ದೋಣಿಗೆ ಹತ್ತಿರವಿತ್ತು. ಅದಕ್ಕಿಂತಲೂ ಹತ್ತಿರ, 20 ನಾಟಿಕಲ್ ಮೈಲಿಗಿಂತ ಕಡಿಮೆ ದೂರದಲ್ಲಿ, ಇಟಲಿಯ ನೌಕಾಪಡೆಯ ‘ಲಿಬ್ರಾ’ ಹಡಗು ಇತ್ತು. ಅದಕ್ಕೆ ಹೋಗಲು ಹೇಳುವಷ್ಟರಲ್ಲಿ ಗಂಟೆಗಟ್ಟಲೆ ಕಳೆದಿತ್ತು. 200ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಸುಮಾರು 60 ಮಕ್ಕಳು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2021ರ ಜನವರಿಯಲ್ಲಿ ಹೇಳಿದ್ದು ಮುಖ್ಯವಾದ ಮಾತು. ವಲಯ ಮಾಲ್ಟಾದ್ದಾದರೂ, ಮೊದಲ ಕರೆ ಬಂದದ್ದು ಇಟಲಿಗೆ, ಹತ್ತಿರದ ಹಡಗು ಇಟಲಿಯದ್ದು. ಆದ್ದರಿಂದ ಆ ಜನರ ಜೀವದ ಹಕ್ಕನ್ನು ಕಾಪಾಡುವ ಹೊಣೆ ಇಟಲಿಯ ಮೇಲೂ ಇತ್ತು, ಅದನ್ನು ನಿಭಾಯಿಸುವಲ್ಲಿ ಇಟಲಿ ಸೋತಿತು.

ಇಳಿಸುವ ವಿಷಯಕ್ಕೆ ಬಂದರೆ, 2004ರಲ್ಲಿ ಸೋಲಾಸ್ ಮತ್ತು ಹ್ಯಾಂಬರ್ಗ್ ಒಪ್ಪಂದ ಎರಡಕ್ಕೂ ತಿದ್ದುಪಡಿ ಆಯಿತು, 2006ರ ಜುಲೈನಿಂದ ಜಾರಿ. ರಕ್ಷಣೆ ಮಾಡಿದ ಹಡಗನ್ನು ಆದಷ್ಟು ಬೇಗ, ಅದರ ದಾರಿ ಹೆಚ್ಚು ತಪ್ಪದಂತೆ, ಹೊಣೆಯಿಂದ ಬಿಡುಗಡೆ ಮಾಡಬೇಕು. ಜನರನ್ನು ‘ಸುರಕ್ಷಿತ ಸ್ಥಳ’ಕ್ಕೆ ತಲುಪಿಸಬೇಕು. ಆ ವಲಯದ ದೇಶ ಇದಕ್ಕೆ ಮೊದಲ ಹೊಣೆಗಾರ. ಓದಲು ಚೆನ್ನಾಗಿದೆ. ನಿಧಾನವಾಗಿ ಓದಿದರೆ ಬಿರುಕು ಕಾಣುತ್ತದೆ. ಆ ದೇಶದ ಮೊದಲ ಹೊಣೆ ಇರುವುದು ಸಮನ್ವಯ ಮತ್ತು ಸಹಕಾರ ಆಗುವಂತೆ ನೋಡಿಕೊಳ್ಳುವುದಕ್ಕೆ. ತನ್ನ ಬಂದರನ್ನೇ ತೆರೆಯಬೇಕು ಎಂದು ಎಲ್ಲಿಯೂ ಬರೆದಿಲ್ಲ. ಬೇರೆ ಯಾರೂ ಒಪ್ಪದಿದ್ದರೆ ಏನು ಮಾಡಬೇಕು ಎಂದೂ ಬರೆದಿಲ್ಲ. ಬಂದರಿನೊಳಗೆ ಯಾರನ್ನು ಬಿಡಬೇಕು ಎಂಬುದು ಇಂದಿಗೂ ಮುಖ್ಯವಾಗಿ ಆಯಾ ದೇಶದ ಅಧಿಕಾರ. ಅದೂ ಸಾಲದೆಂಬಂತೆ, ಲಿಬಿಯಾದ ಉತ್ತರಕ್ಕೆ ಅಗಲವಾಗಿ ಹರಡಿದ ರಕ್ಷಣಾ ವಲಯ ಹೊತ್ತ ಮಾಲ್ಟಾ ಈ ತಿದ್ದುಪಡಿಯನ್ನೇ ಒಪ್ಪಲಿಲ್ಲ. ಹತ್ತಿರದ ಸುರಕ್ಷಿತ ಬಂದರಿಗೆ ಹೋಗಲಿ ಎಂಬುದು ಅದರ ವಾದ. ನಕ್ಷೆಯ ಪ್ರಕಾರ ಆ ಬಂದರು ಹಲವು ಸಲ ಇಟಲಿಯ ಲ್ಯಾಂಪೆಡೂಸಾ. ನಿಮ್ಮ ವಲಯದ ಜನರನ್ನು ನೀವೇ ಇಳಿಸಿಕೊಳ್ಳಿ ಎಂಬುದು ಇಟಲಿಯ ವಾದ. ಇಬ್ಬರೂ ಹೇಳುವುದು ತಮಗೆ ಅನುಕೂಲವಾದ ಕಾನೂನನ್ನೇ.

ವಾಪಸ್ ಕಳಿಸುವ ದಾರಿ

ಹಾಗಾದರೆ ಬಂದ ಕಡೆಗೇ ಬಿಟ್ಟು ಬಂದರೆ ಆಗದೇ? ಇಟಲಿ ಅದನ್ನೂ ಮಾಡಿ ನೋಡಿತು. 2009ರಲ್ಲಿ ಸಮುದ್ರದಲ್ಲಿ ಸಿಕ್ಕ ಸುಮಾರು 200 ಜನರನ್ನು ಇಟಲಿಯ ಹಡಗುಗಳೇ ಟ್ರಿಪೋಲಿಗೆ ಒಯ್ದು ಒಪ್ಪಿಸಿದವು. ಅವರಲ್ಲಿ ಸೊಮಾಲಿಯಾ, ಎರಿಟ್ರಿಯಾದ 24 ಜನ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2012ರ ಫೆಬ್ರವರಿಯಲ್ಲಿ ಅವರು ಗೆದ್ದರು. ಹಡಗಿನ ಮೇಲೆ ಇಟಲಿಯ ಸಿಬ್ಬಂದಿ ಇದ್ದಾಗ ಅಲ್ಲಿರುವವರು ಇಟಲಿಯ ಅಧಿಕಾರದಡಿ ಇರುತ್ತಾರೆ. ಚಿತ್ರಹಿಂಸೆಯ ಭಯ ಇರುವ ಕಡೆಗೆ ಅವರನ್ನು ಒಪ್ಪಿಸುವಂತಿಲ್ಲ. ಇದು ತೀರ್ಪಿನ ಸಾರ. ಜೀವಕ್ಕೋ ಸ್ವಾತಂತ್ರ್ಯಕ್ಕೋ ಬೆದರಿಕೆ ಇರುವ ಜಾಗಕ್ಕೆ ನಿರಾಶ್ರಿತರನ್ನು ತಳ್ಳಬಾರದು ಎಂದು 1951ರ ನಿರಾಶ್ರಿತರ ಒಪ್ಪಂದದ 33ನೇ ವಿಧಿ ಮೊದಲೇ ಹೇಳಿತ್ತು.

ಈ ತೀರ್ಪಿನಿಂದ ಸರ್ಕಾರಗಳು ಕಲಿತ ಪಾಠ, ನನ್ನ ಲೆಕ್ಕದಲ್ಲಿ, ಒಂದೇ. ನಮ್ಮ ಹಡಗು ಅವರನ್ನು ಮುಟ್ಟದಿದ್ದರೆ ನಮ್ಮ ಹೊಣೆ ಇಲ್ಲ. 2017ರ ಫೆಬ್ರವರಿಯಲ್ಲಿ ಇಟಲಿ ಲಿಬಿಯಾ ಜೊತೆ ಒಪ್ಪಂದ ಮಾಡಿಕೊಂಡಿತು. ಹಣ, ತರಬೇತಿ, ಗಸ್ತು ದೋಣಿಗಳು ಹೋದವು. 2018ರಲ್ಲಿ ಲಿಬಿಯಾ ತನ್ನದೇ ರಕ್ಷಣಾ ವಲಯ ನೋಂದಾಯಿಸಿತು. ಆಮೇಲೆ ಆ ನೀರಿನಲ್ಲಿ ಸಿಕ್ಕವರನ್ನು ಲಿಬಿಯಾದ ಪಡೆಯೇ ಹಿಡಿದು ವಾಪಸ್ ಒಯ್ಯುತ್ತದೆ. ಅಲ್ಲಿನ ಬಂಧನ ಕೇಂದ್ರಗಳಲ್ಲಿ ಹೊಡೆತ, ಅತ್ಯಾಚಾರ, ಸುಲಿಗೆ ನಡೆಯುತ್ತದೆ ಎಂದು ವಿಶ್ವಸಂಸ್ಥೆ ವರದಿಗಳ ಮೇಲೆ ವರದಿ ಕೊಟ್ಟಿದೆ. ಅದರ ನಿರಾಶ್ರಿತರ ಸಂಸ್ಥೆಯಾಗಲಿ ವಲಸೆ ಸಂಸ್ಥೆಯಾಗಲಿ ಲಿಬಿಯಾವನ್ನು ಸುರಕ್ಷಿತ ಸ್ಥಳ ಎಂದು ಒಪ್ಪುವುದಿಲ್ಲ.

ಈಗ ಒಬ್ಬ ವ್ಯಾಪಾರಿ ಕ್ಯಾಪ್ಟನ್‌ನ ಜಾಗದಲ್ಲಿ ನಿಂತು ನೋಡಿ. 2018ರ ಜುಲೈನಲ್ಲಿ ‘ಆಸೋ 28’ ಎಂಬ ಇಟಲಿ ಬಾವುಟದ ಹಡಗು ಲಿಬಿಯಾ ಬಳಿಯ ಗ್ಯಾಸ್ ಬಾವಿಯ ವೇದಿಕೆಗೆ ಸೇವೆ ಒದಗಿಸುತ್ತಿತ್ತು. ಅದು 101 ಜನರನ್ನು ಎತ್ತಿಕೊಂಡು ಟ್ರಿಪೋಲಿಗೆ ಒಯ್ದಿತು. 2021ರಲ್ಲಿ ನೇಪಲ್ಸ್ ನ್ಯಾಯಾಲಯ ಅದರ ಕ್ಯಾಪ್ಟನ್‌ಗೆ ಒಂದು ವರ್ಷದ ಶಿಕ್ಷೆ ವಿಧಿಸಿತು, 2024ರಲ್ಲಿ ಇಟಲಿಯ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಲಿಬಿಯಾ ಸುರಕ್ಷಿತ ಬಂದರಲ್ಲ, ಅಲ್ಲಿ ಇಳಿಸಿದ್ದು ಅಪರಾಧ. ನ್ಯಾಯವಾದ ತೀರ್ಪೇ. ಆದರೆ ಅದೇ ದೇಶದ ಸರ್ಕಾರ ಲಿಬಿಯಾದ ಪಡೆಗೆ ದೋಣಿ ಕೊಟ್ಟು, ಜನರನ್ನು ಅಲ್ಲಿಗೇ ಕರೆದೊಯ್ಯಲು ನೆರವಾಗುತ್ತಿದೆ. ದಕ್ಷಿಣಕ್ಕೆ ಹೋದರೆ ಕ್ಯಾಪ್ಟನ್‌ಗೆ ಜೈಲು, ಉತ್ತರಕ್ಕೆ ಹೋದರೆ ಬಂದರಿನ ಹೊರಗೆ ಲಂಗರು. ಅಂಥ ಕ್ಯಾಪ್ಟನ್ ಮುಂದಿನ ಸಲ ಸ್ವಲ್ಪ ದೂರದ ದಾರಿ ಹಿಡಿದರೆ ಅದನ್ನು ಸಾಬೀತುಪಡಿಸುವವರು ಯಾರು?

ಸರ್ಕಾರ ಬಿಟ್ಟ ಜಾಗ

2013ರ ಅಕ್ಟೋಬರ್ 3ರಂದು ಲ್ಯಾಂಪೆಡೂಸಾ ಬಳಿ 368 ಜನ ಸತ್ತಾಗ ಇಟಲಿ ‘ಮಾರೆ ನೋಸ್ಟ್ರುಮ್’ ಎಂಬ ನೌಕಾ ಕಾರ್ಯಾಚರಣೆ ಶುರು ಮಾಡಿತು. ತಿಂಗಳಿಗೆ ಸುಮಾರು 90 ಲಕ್ಷ ಯೂರೋ ಖರ್ಚು. ಒಂದು ವರ್ಷದಲ್ಲಿ ಸುಮಾರು ಒಂದೂವರೆ ಲಕ್ಷ ಜನರನ್ನು ಉಳಿಸಿತು. ಖರ್ಚು ಹಂಚಿಕೊಳ್ಳಲು ಉಳಿದ ಯುರೋಪ್ ಮುಂದೆ ಬರಲಿಲ್ಲ. 2014ರ ಕೊನೆಯಲ್ಲಿ ಅದು ನಿಂತಿತು. ಬದಲಿಗೆ ಬಂದ ಫ್ರಾಂಟೆಕ್ಸ್‌ನ ‘ಟ್ರೈಟನ್’ ಅದರ ಮೂರನೇ ಒಂದು ಭಾಗದ ಹಣದಲ್ಲಿ ಶುರುವಾಯಿತು, ಗಡಿ ಕಾಯುವುದು ಅದರ ಮುಖ್ಯ ಕೆಲಸ. ಕಿಂಗ್ ಜೇಕಬ್ ದುರಂತ ನಡೆದದ್ದು ಇದಾಗಿ ಆರು ತಿಂಗಳೂ ಆಗದಿರುವಾಗ.

ಸ್ವಯಂಸೇವಾ ಸಂಸ್ಥೆಗಳ ಹಡಗುಗಳು ಬಂದದ್ದು ಈ ಖಾಲಿ ಜಾಗಕ್ಕೆ. ಅವುಗಳ ಜೊತೆ ಸರ್ಕಾರಗಳ ಜಗಳ ಎಲ್ಲರಿಗೂ ಗೊತ್ತಿರುವಂಥದ್ದು. 2018ರ ಜೂನ್‌ನಲ್ಲಿ 600ಕ್ಕೂ ಹೆಚ್ಚು ಜನರಿದ್ದ ‘ಅಕ್ವೇರಿಯಸ್’ಗೆ ಇಟಲಿ ಬಂದರು ಮುಚ್ಚಿತು, ಅದು ಸ್ಪೇನಿನ ವೆಲೆನ್ಸಿಯಾಕ್ಕೆ ಹೋಗಬೇಕಾಯಿತು. ಮರುವರ್ಷ ‘ಸೀ ವಾಚ್ 3’ರ ಕ್ಯಾಪ್ಟನ್ ಕರೋಲಾ ರಾಕೆಟೆ ಎರಡು ವಾರಕ್ಕೂ ಹೆಚ್ಚು ಕಾದು, ಆದೇಶ ಮೀರಿ ಲ್ಯಾಂಪೆಡೂಸಾಕ್ಕೆ ನುಗ್ಗಿದರು, ಬಂಧನವಾಯಿತು. ಆ ಬಂಧನ ಸರಿಯಲ್ಲ ಎಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ರಕ್ಷಣೆಯ ಕರ್ತವ್ಯ ನೀರಿನಿಂದ ಎತ್ತಿದಲ್ಲಿಗೆ ಮುಗಿಯುವುದಿಲ್ಲ, ದಡಕ್ಕೆ ಇಳಿಸಿದಾಗ ಮುಗಿಯುತ್ತದೆ ಎಂಬುದು ಅದರ ತರ್ಕ.

2023ರಿಂದ ಇಟಲಿ ಜಾಣ ದಾರಿ ಹಿಡಿದಿದೆ. ಬಂದರು ಮುಚ್ಚುವುದಿಲ್ಲ, ದೂರದ ಬಂದರು ಕೊಡುತ್ತದೆ. ಲಿಬಿಯಾ ಬಳಿ ಜನರನ್ನು ಎತ್ತಿದ ಹಡಗಿಗೆ ಸಿಸಿಲಿ ಬಿಟ್ಟು ಜೆನೋವಾ, ರವೆನ್ನಾ, ಅಂಕೋನಾ. ಹೋಗಲು ಮೂರು ನಾಲ್ಕು ದಿನ, ಬರಲು ಅಷ್ಟೇ ದಿನ. ಒಂದು ರಕ್ಷಣೆ ಆದ ಕೂಡಲೇ ತಡ ಮಾಡದೆ ಹೊರಡಬೇಕು. ಮೀರಿದರೆ ದಂಡ, ಹಡಗಿಗೆ 20 ದಿನ ತಡೆ. ಕಾಗದದ ಮೇಲೆ ‘ಸುರಕ್ಷಿತ ಸ್ಥಳ’ ಕೊಟ್ಟಾಯಿತು, ಕಾನೂನು ಪಾಲಿಸಿದಂತಾಯಿತು. ರಕ್ಷಣೆ ನಡೆಯುವ ನೀರಿನಲ್ಲಿ ಮಾತ್ರ ಹಡಗು ಇಲ್ಲ.

ಹಡಗುಗಳಿದ್ದರೆ ಜನ ಇನ್ನೂ ಜಾಸ್ತಿ ಬರುತ್ತಾರೆ, ಕಳ್ಳಸಾಗಣೆದಾರರಿಗೆ ಅನುಕೂಲ ಎಂಬ ವಾದವನ್ನು ಸುಮ್ನೆ ತಳ್ಳಿಹಾಕಬಾರದು. ರಕ್ಷಣೆ ಹತ್ತಿರ ಸಿಗುತ್ತದೆಂದು ಗೊತ್ತಾದಾಗ ಸಾಗಣೆದಾರರು ಇನ್ನೂ ಅಗ್ಗದ ರಬ್ಬರ್ ದೋಣಿ, ಇನ್ನೂ ಕಡಿಮೆ ಇಂಧನ ಕೊಟ್ಟು ಕಳಿಸಿದ್ದುಂಟು. ಸೇನಾ ಹಡಗುಗಳು ಅವರ ಮರದ ದೋಣಿಗಳನ್ನು ನಾಶ ಮಾಡಿದ್ದೂ ಇದಕ್ಕೆ ಕಾರಣ ಎಂಬುದನ್ನು ಮರೆಯಬಾರದು. ಆದರೆ ಒಟ್ಟು ಎಷ್ಟು ಜನ ಹೊರಡುತ್ತಾರೆ ಎಂಬುದು ಬೇರೆ ವಿಷಯ. 2011ರಿಂದ 2020ರವರೆಗಿನ ಅಂಕಿಗಳನ್ನು ನೋಡಿ 2023ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ರಕ್ಷಣಾ ಹಡಗುಗಳಿಂದ ಹೊರಡುವವರು ಹೆಚ್ಚಿದರು ಎಂಬುದಕ್ಕೆ ಆಧಾರ ಸಿಗಲಿಲ್ಲ. ಯುದ್ಧ, ಬೆಲೆ, ಹವಾಮಾನ ಇಂಥವೇ ಹೆಚ್ಚು ಲೆಕ್ಕಕ್ಕೆ ಬಂದವು. ಮಾರೆ ನೋಸ್ಟ್ರುಮ್ ನಿಂತ ಮೇಲೂ 2015ರಲ್ಲಿ ದೋಣಿಗಳು ನಿಲ್ಲಲಿಲ್ಲ. 2014ರಿಂದ ಈಚೆಗೆ ಮೆಡಿಟರೇನಿಯನ್‌ನಲ್ಲಿ ಸತ್ತವರು, ಕಾಣೆಯಾದವರು 30,000ಕ್ಕೂ ಹೆಚ್ಚು ಎಂದು ವಿಶ್ವಸಂಸ್ಥೆಯ ವಲಸೆ ಸಂಸ್ಥೆ ಲೆಕ್ಕ ಇಟ್ಟಿದೆ. ಇದು ಗೊತ್ತಾದವರ ಲೆಕ್ಕ ಮಾತ್ರ. ಸಾವಿನ ಭಯ ಜನರನ್ನು ತಡೆಯುವುದಾದರೆ ಇಷ್ಟು ಸಾವು ಸಾಲದೇ?

ಬಂದರು ತೆರೆದ ಸಂದರ್ಭಗಳು

ಇಳಿಸುವ ಸಮಸ್ಯೆ ಬಗೆಹರಿಯದೇ ಇರುವಂಥದ್ದೇನಲ್ಲ. 1975ರ ನಂತರ ವಿಯೆಟ್ನಾಂನಿಂದ ದೋಣಿಗಳು ಹೊರಟಾಗ ಇದೇ ಪರಿಸ್ಥಿತಿ ಇತ್ತು. ಎತ್ತಿಕೊಂಡ ಹಡಗಿಗೆ ಸಿಂಗಾಪುರವೂ ಬಾಗಿಲು ತೆರೆಯುತ್ತಿರಲಿಲ್ಲ. ಹಡಗುಗಳು ನೋಡದಂತೆ ದಾಟಿಹೋಗತೊಡಗಿದವು. 1979ರಲ್ಲಿ ಜಿನೀವಾದಲ್ಲಿ ಸಭೆ ಸೇರಿದ ದೇಶಗಳು ಒಂದು ವ್ಯವಸ್ಥೆ ಮಾಡಿದವು. ಎತ್ತಿದ ಹಡಗಿನ ಬಾವುಟದ ದೇಶಕ್ಕೆ ಅವರನ್ನು ಕರೆದುಕೊಳ್ಳಲು ಆಗದಿದ್ದರೆ, ಅಮೆರಿಕದಂಥ ಕೆಲವು ದೇಶಗಳು ಒಟ್ಟಾಗಿ ಅವರಿಗೆ ನೆಲೆ ಕೊಡುವ ಭರವಸೆ ಕೊಟ್ಟವು. ಆ ಭರವಸೆ ಕೈಯಲ್ಲಿದ್ದಾಗ ಬಂದರುಗಳು ತೆರೆದವು. 1985ರಲ್ಲಿ ಇದನ್ನು ಇನ್ನಷ್ಟು ಗಟ್ಟಿ ಮಾಡಲಾಯಿತು.

2001ರಲ್ಲಿ ಅದಕ್ಕೆ ತದ್ವಿರುದ್ಧ ನಡೆಯಿತು. ನಾರ್ವೆಯ ‘ಟಾಂಪಾ’ ಆಸ್ಟ್ರೇಲಿಯಾದ ಕೋರಿಕೆಯಂತೆ 430ಕ್ಕೂ ಹೆಚ್ಚು ಜನರನ್ನು ಎತ್ತಿತು. ಅವರಲ್ಲಿ ಬಹುತೇಕರು ಆಫ್ಘನ್ನರು. ಹಡಗಿನ ಸಿಬ್ಬಂದಿ 27 ಜನ. ತನ್ನದೇ ಕ್ರಿಸ್ಮಸ್ ದ್ವೀಪಕ್ಕೆ ಬಿಡಲು ಆಸ್ಟ್ರೇಲಿಯಾ ಒಪ್ಪಲಿಲ್ಲ, ಕ್ಯಾಪ್ಟನ್ ಆರ್ನೆ ರಿನ್ನಾನ್ ನುಗ್ಗಿದಾಗ ಕಮಾಂಡೋಗಳನ್ನು ಹತ್ತಿಸಿತು. ಜನರನ್ನು ನೌರು ದ್ವೀಪಕ್ಕೆ ಸಾಗಿಸಿತು, ಒಂದಷ್ಟು ಜನರನ್ನು ನ್ಯೂಜಿಲೆಂಡ್ ಕರೆದುಕೊಂಡಿತು. 2004ರ ತಿದ್ದುಪಡಿಗಳು ಹುಟ್ಟಿದ್ದೇ ಈ ಪ್ರಕರಣದಿಂದ. ಅಂದರೆ ಬಿರುಕು ಎಲ್ಲಿದೆ ಎಂದು ಗೊತ್ತಿದ್ದೇ ಅದನ್ನು ಅರ್ಧ ಮುಚ್ಚಲಾಯಿತು.

2015ರ ಮೇನಲ್ಲಿ ಅಂಡಮಾನ್ ಸಮುದ್ರದಲ್ಲಿ ರೋಹಿಂಗ್ಯಾ ಮತ್ತು ಬಾಂಗ್ಲಾದೇಶಿಗಳ ದೋಣಿಗಳನ್ನು ಥಾಯ್ಲೆಂಡ್, ಮಲೇಷ್ಯಾ, ಇಂಡೊನೇಷ್ಯಾ ಮೂರೂ ಹೊರಕ್ಕೆ ದಬ್ಬಿದವು. ಮೊದಲು ದಡಕ್ಕೆ ತಂದವರು ಇಂಡೊನೇಷ್ಯಾದ ಅಚೆ ಪ್ರಾಂತ್ಯದ ಮೀನುಗಾರರು. ಬೇರೆ ದೇಶಗಳು ಒಂದು ವರ್ಷದೊಳಗೆ ಕರೆದುಕೊಳ್ಳುವುದಾದರೆ ತಾತ್ಕಾಲಿಕ ಆಸರೆ ಕೊಡುತ್ತೇವೆ ಎಂದು ಮಲೇಷ್ಯಾ, ಇಂಡೊನೇಷ್ಯಾ ಆಮೇಲೆ ಒಪ್ಪಿದವು. ಇಲ್ಲೂ ಕೀಲಿಕೈ ಅದೇ. ಇಳಿದವರು ಮುಂದೆ ಎಲ್ಲಿಗೆ ಹೋಗುತ್ತಾರೆ ಎಂಬುದಕ್ಕೆ ಉತ್ತರ ಸಿಕ್ಕರೆ ಬಂದರಿನ ಜಗಳ ತಣ್ಣಗಾಗುತ್ತದೆ.

ಯುರೋಪ್ ಇದನ್ನು ಪ್ರಯತ್ನಿಸಿಲ್ಲವೆಂದಲ್ಲ. 2019ರಲ್ಲಿ ಇಟಲಿ, ಮಾಲ್ಟಾ, ಫ್ರಾನ್ಸ್, ಜರ್ಮನಿ ಕೂತು ಹಂಚಿಕೊಳ್ಳುವ ಮಾತಾಡಿದವು. ಇಷ್ಟವಿದ್ದವರು ಸೇರಿ ಎಂಬ ವ್ಯವಸ್ಥೆಯಾದ್ದರಿಂದ ಹೆಚ್ಚು ದಿನ ನಡೆಯಲಿಲ್ಲ. 2024ರಲ್ಲಿ ಒಪ್ಪಿದ, 2026ರ ಜೂನ್‌ನಿಂದ ಜಾರಿ ಎಂದು ಗೊತ್ತುಮಾಡಿದ ಹೊಸ ವಲಸೆ ಕಟ್ಟಳೆಯಲ್ಲಿ ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವ ಕಡ್ಡಾಯ ವ್ಯವಸ್ಥೆ ಇದೆ. ಜನರನ್ನು ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಹಣವನ್ನೋ ಬೇರೆ ನೆರವನ್ನೋ ಕೊಡಬೇಕು. ಅದು ಹಿಂದಿಗಿಂತ ಒಂದು ಹೆಜ್ಜೆ ಮುಂದೆ. ಆದರೆ ರಕ್ಷಣೆಯಾದ ಹಡಗು ಯಾವ ಬಂದರಿಗೆ ಹೋಗಬೇಕು ಎಂಬುದನ್ನು ಆ ಕಟ್ಟಳೆ ಹೇಳುವುದಿಲ್ಲ.

ಹೇಳಲು ಬರುವುದಿಲ್ಲ ಎಂದಲ್ಲ. ಮೇಲೆ ಹೇಳಿದ 656ನೇ ನಿಯಮಾವಳಿಯಲ್ಲೇ ಒಂದು ಮಾದರಿ ಇದೆ. ಫ್ರಾಂಟೆಕ್ಸ್ ಕಾರ್ಯಾಚರಣೆಯ ಹಡಗು ಜನರನ್ನು ಎತ್ತಿದರೆ, ಸಮನ್ವಯ ಕೇಂದ್ರ ಬೇಗ ಬಂದರು ಹುಡುಕಿಕೊಡಬೇಕು. ಅದು ಆಗದಿದ್ದರೆ ಕಾರ್ಯಾಚರಣೆಗೆ ಆತಿಥ್ಯ ಕೊಟ್ಟ ದೇಶದಲ್ಲಿ ಇಳಿಸಲು ಅನುಮತಿ ಇದೆ. ಯಾರೂ ಒಪ್ಪದಿದ್ದರೆ ಎಲ್ಲಿಗೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಬರೆದಿಟ್ಟಿದ್ದಾರೆ, ಆದರೆ ತಮ್ಮ ಹಡಗುಗಳಿಗೆ ಮಾತ್ರ. ಅದೇ ಸಾಲನ್ನು ವ್ಯಾಪಾರಿ ಹಡಗುಗಳಿಗೂ ಅನ್ವಯಿಸಿ, ರಕ್ಷಣೆಗೆ ಕರೆದ ದೇಶವೇ ಕೊನೆಯ ಬಂದರು ಎಂದು ಬರೆದರೆ ಕರೆ ಬಂದ ಕ್ಯಾಪ್ಟನ್‌ಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಅಂಥ ಸಾಲು ಬಂದ ದಿನ ಕೆಲವು ದೇಶಗಳು ಹಡಗುಗಳನ್ನು ಕರೆಯುವುದನ್ನೇ ನಿಲ್ಲಿಸಬಹುದು ಎಂಬ ಆತಂಕ ನನಗಿದೆ. ಆದ್ದರಿಂದ 1979ರ ಹಾಗೆ ನೆಲೆ ಕೊಡುವ ಭರವಸೆಯೂ ಅದರ ಜೊತೆಗೇ ಬರಬೇಕಾಗುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ಮಾಡಿದರೆ 2004ರಲ್ಲಿ ಆದದ್ದೇ ಮತ್ತೆ ಆಗುತ್ತದೆ.